ಉಪವಾಸ ಕೂಟ ಸಾಕು ಅನ್ನುವ ಸಭೆಯ ಹಿರಿಯರಿಗೆ ಒಂದು ಬಹಿರಂಗ ಪತ್ರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕ್ರೈಸ್ತ ಸಭೆಗಳ ಬಿಷಪರಿಗೆ, ಸಭಾಪಾಲಕರಿಗೆ, ಕಮಿಟಿಯ ಹಿರಿಯರಿಗೆ ವಂದನೆಗಳು.

ನಾನು ಮೆಥೋಡಿಸ್ಟ್ ಸಭೆಯವಳು. ಬೀದರ್ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಇದನ್ನೆಲ್ಲ ಕಮಿಟಿಯೊಳಗೇ ಹೇಳಬಹುದಿತ್ತಲ್ಲ, ಮನೆಯ ಮಾತು ಬೀದಿಗೆ ಯಾಕೆ ತರಬೇಕು ಎಂದು ನೀವು ಕೇಳುತ್ತೀರಿ. ಕಮಿಟಿಯಲ್ಲಿ ಹೇಳಿಯಾಯಿತು. ಅಲ್ಲಿ ಸಿಕ್ಕ ಉತ್ತರ ಒಂದೇ ಸಭೆಯದಲ್ಲ, ಮೂರೂ ಜಿಲ್ಲೆಗಳಲ್ಲಿ ಕೇಳಿಬರುವ ಉತ್ತರ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಒಂದು ಪಟ್ಟಣದ ಪೌರಕಾರ್ಮಿಕರು ಬಾಕಿ ಸಂಬಳಕ್ಕಾಗಿ ಧರಣಿ ಕುಳಿತಿದ್ದರು. ಅವರಲ್ಲಿ ಕೆಲವರ ಹೆಸರು ನಮ್ಮ ಸಭೆಯ ರಜಿಸ್ಟರಿನಲ್ಲಿದೆ, ಉಳಿದವರು ಗ್ರಾಮದೇವತೆ ಮರಗಮ್ಮನಿಗೆ ನಡೆದುಕೊಳ್ಳುವವರು. ಎಲ್ಲರದೂ ಒಂದೇ ಕೇರಿ, ಒಂದೇ ಬೀಗತನ. ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಕಡೆಯಿಂದ ಹೋಗಿ ಒಂದು ಹೊತ್ತು ಅವರ ಜೊತೆ ಕೂತು ಬರೋಣ ಎಂದು ನಾವು ಕೆಲವರು ಕೇಳಿದೆವು. "ಧರಣಿ ಗಿರಣಿ ಸಭಾದ ಕೆಲಸ ಅಲ್ಲರೀ. ಉಪವಾಸ ಕೂಟ ಇಡೋಣ, ದೇವರು ನೋಡ್ಕೋತಾನ" ಅಂದರು. ಕೂಟ ನಡೆಯಿತು. ಹಾಡು ಚೆನ್ನಾಗಿದ್ದವು. ಪ್ರಾರ್ಥನೆಯಲ್ಲಿ ಸಂಬಳ ಎಂಬ ಮಾತು ಬರಲಿಲ್ಲ, ಪೌರಕಾರ್ಮಿಕ ಎಂಬ ಮಾತೂ ಬರಲಿಲ್ಲ. "ಕಷ್ಟದಲ್ಲಿರುವ ಸಕಲರೂ" ಎಂದರು, ಅದರಲ್ಲೇ ಅವರೂ ಸೇರಿದರು ಅಂತ ನಾವು ತಿಳಿದುಕೊಳ್ಳಬೇಕು.

ಉಪವಾಸದ ಮೇಲೆ ನನಗೆ ತಕರಾರಿಲ್ಲ. ನಮ್ಮ ಮನೆಯಲ್ಲಿ ಶುಕ್ರವಾರ ಒಲೆ ಹೊತ್ತುವುದು ಸಂಜೆಗೇ. ಆದರೆ ಪವಿತ್ರ ಗ್ರಂಥದಲ್ಲಿ ಉಪವಾಸದ ಒಂದು ಕಥೆ ಇದೆ, ನಮ್ಮ ಪ್ರಸಂಗಗಳಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ಅರಸ ಅಹಾಬನಿಗೆ ನಾಬೋತನ ದ್ರಾಕ್ಷಿ ತೋಟ ಬೇಕಾಯಿತು. ಪಿತ್ರಾರ್ಜಿತ ಭೂಮಿ, ಕೊಡುವುದಿಲ್ಲ ಅಂದ ನಾಬೋತ. ಮುಂದೆ ಅಹಾಬನ ರಾಣಿ ಈಜೆಬೆಲಳು ಪತ್ರ ಬರೆದದ್ದು ಯಾರಿಗೆ? ಗೂಂಡಾಗಳಿಗಲ್ಲ, ಊರಿನ ಹಿರಿಯರಿಗೆ. ಉಪವಾಸ ಸಾರಿರಿ, ನಾಬೋತನನ್ನು ಜನರ ಮುಂದೆ ಕೂರಿಸಿರಿ, ಇಬ್ಬರು ಸುಳ್ಳು ಸಾಕ್ಷಿಗಳನ್ನು ಎದುರಿಗಿಡಿರಿ ಎಂದಳು. ಹಿರಿಯರು ಅಕ್ಷರಶಃ ಹಾಗೇ ಮಾಡಿದರು. ಉಪವಾಸವೂ ನಡೆಯಿತು, ನಾಬೋತನನ್ನು ಊರ ಹೊರಗೆ ಕಲ್ಲೆಸೆದು ಕೊಂದದ್ದೂ ನಡೆಯಿತು. ಪ್ರವಾದಿ ಎಲೀಯ ಬಂದು ಅಹಾಬನನ್ನು ತರಾಟೆಗೆ ತೆಗೆದುಕೊಂಡದ್ದನ್ನು ನಾವೆಲ್ಲ ಭಾನುವಾರದ ಶಾಲೆಯಲ್ಲೇ ಕಲಿತೆವು. ಆ ಹಿರಿಯರ ಬಗ್ಗೆ ಮಾತ್ರ ನಮಗೆ ಯಾರೂ ಹೇಳಿಕೊಡಲಿಲ್ಲ. ಅವರ ಮೇಲೆ ಎಲ್ಲಿಯೂ ದೂರು ದಾಖಲಾಗಿಲ್ಲ, ವಕೀಲಳಾಗಿ ನನಗೆ ಇದು ಯಾವಾಗಲೂ ಕಾಡುವ ವಿಷಯ. ಒಬ್ಬ ಹಿರಿಯ, ಒಬ್ಬನೇ, ನಾಬೋತನ ಊರಾದ ಇಜ್ರೇಲಿನ ಆ ಕೂಟದಲ್ಲಿ ಎದ್ದು "ಈ ಸಾಕ್ಷಿಗಳು ಎಲ್ಲಿಯವರು?" ಎಂದು ಕೇಳಿದ್ದರೆ ನಾಬೋತ ತನ್ನ ತೋಟದಲ್ಲಿ ಮುದುಕನಾಗಿ ಸಾಯುತ್ತಿದ್ದ.

ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೇ ಅಧ್ಯಾಯ ಹೇಳುತ್ತದಲ್ಲ ಎಂದು ನೀವು ಉತ್ತರ ಕೊಡುತ್ತೀರಿ, ಗೊತ್ತು. ಅದನ್ನು ಬರೆದ ಪೌಲ ಫಿಲಿಪ್ಪಿಯಲ್ಲಿ ಏನು ಮಾಡಿದ? ವಿಚಾರಣೆ ಇಲ್ಲದೆ ಅವನಿಗೂ ಸೀಲನಿಗೂ ಛಡಿ ಏಟು ಕೊಟ್ಟು ಸೆರೆಮನೆಗೆ ದೂಡಿದರು. ಬೆಳಗಾದ ಮೇಲೆ ಅಧಿಕಾರಿಗಳು ಸದ್ದಿಲ್ಲದೆ ಬಿಡುಗಡೆ ಮಾಡಿ, ಹೋಗಿ ಎಂದು ಹೇಳಿ ಕಳಿಸಿದರು. ಪೌಲ ಹೋಗಲಿಲ್ಲ. ನಾವು ರೋಮ್ ಪೌರರು, ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿದವರು ಈಗ ಗುಟ್ಟಾಗಿ ಕಳಿಸುತ್ತೀರೋ, ತಾವೇ ಬಂದು ಕರೆದುಕೊಂಡು ಹೋಗಲಿ ಅಂದ. ಅಧಿಕಾರಿಗಳು ಹೆದರಿ ಬಂದರು. ಅಪೊಸ್ತಲರ ಕೃತ್ಯಗಳು ಹದಿನಾರನೇ ಅಧ್ಯಾಯ, ಮನೆಗೆ ಹೋಗಿ ತೆಗೆದು ನೋಡಿ. ಸೆರೆಮನೆಯ ಅಸ್ತಿವಾರ ಕದಲಿದ ಭೂಕಂಪದ ತನಕ ನಾವು ಪ್ರಸಂಗ ಮಾಡುತ್ತೇವೆ. ಪೌಲ ಕಾನೂನಿನ ಮಾತೆತ್ತಿದ ಭಾಗ ಬಂದಾಗ ಸಮಯವಾಯಿತು, ಕಾಣಿಕೆ ಎತ್ತೋಣ ಅನ್ನುತ್ತೇವೆ.

ಇನ್ನು ನಮ್ಮ ಸಭೆಯ ಮೂಲಪುರುಷರ ಮಾತು. ಜಾನ್ ವೆಸ್ಲಿಯವರ ಫೋಟೋ ಹಾಕಿಕೊಂಡಿರುವ ನಾವು, ಅವರು 1774ರಲ್ಲೇ ಗುಲಾಮರ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದು ಹಂಚಿದರೆಂಬುದನ್ನು ನೆನಪಿಟ್ಟುಕೊಂಡಿಲ್ಲ. ಆಗ ಆ ವ್ಯಾಪಾರ ಕಾನೂನುಬದ್ಧ, ಹಡಗಿನ ಮಾಲೀಕರು ಇಗರ್ಜಿಯ ಮುಂದಿನ ಸಾಲಿನಲ್ಲಿ ಕೂರುವವರು. 1791ರ ಫೆಬ್ರವರಿ 24ರಂದು, ಸಾಯುವುದಕ್ಕೆ ಒಂದು ವಾರ ಮೊದಲು, 87ರ ಮುದುಕ ಬರೆದ ಪತ್ರ ಪಾರ್ಲಿಮೆಂಟಿನ ಸದಸ್ಯ ವಿಲ್ಬರ್‌ಫೋರ್ಸ್‌ಗೆ: ಗುಲಾಮಗಿರಿಯ ವಿರುದ್ಧದ ಹೋರಾಟ ಬಿಡಬೇಡ ಎಂದು. ಧರಣಿ ಸಭೆಯ ಕೆಲಸವಲ್ಲ ಎಂದು ಅವರಿಗೂ ಯಾರೋ ಹೇಳಿರಲೇಬೇಕು.

ವೆಸ್ಲಿ ದೂರದವರು, ಬಿಡಿ. ನಮ್ಮ ಮುತ್ತಜ್ಜಂದಿರ ವಿಷಯಕ್ಕೆ ಬರೋಣ. ನಿಜಾಮನ ಕಾಲದಲ್ಲಿ ಈ ಭಾಗದ ಮಾದಿಗ ಕೇರಿಗಳಿಂದ ಜನ ಸಭೆಗೆ ಬಂದರಲ್ಲ, ಬಂದವರು ಏನೇನು ಬಿಟ್ಟರು ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಸತ್ತ ದನ ಎಳೆಯುವುದು ಬಿಟ್ಟರು, ಅದರ ಮಾಂಸ ಬಿಟ್ಟರು, ಗೌಡರ ಮನೆ ಬಿಟ್ಟಿ ಚಾಕರಿಗೆ ಬೆನ್ನು ಹಾಕಿದರು, ಜಾತ್ರೆಯಲ್ಲಿ ಹಲಗೆ ಬಾರಿಸಲು ಬರುವುದಿಲ್ಲ ಅಂದರು. ಅದಕ್ಕೆ ಊರು ಸುಮ್ಮನಿರಲಿಲ್ಲ, ಬಾವಿ ಬಂದ್, ಕೂಲಿ ಬಂದ್. ಆ ಜನ ಓದು ಬರಹ ಇಲ್ಲದವರು, ಅವರ ಹತ್ತಿರ ಸಂವಿಧಾನ ಇರಲಿಲ್ಲ, ವಕೀಲರಿರಲಿಲ್ಲ. ಅವರ ದೀಕ್ಷಾಸ್ನಾನವೇ ಊರಿನ ನಡುವೆ ನಿಂತು ಹೇಳಿದ "ಒಲ್ಲೆ" ಎಂಬ ಮಾತಾಗಿತ್ತು. ಅವರು ಹಾಗೆ ಹೇಳಿದ್ದರಿಂದಲೇ ನಮಗೆ ಬೀದರಿನ ಮಿಷನ್ ಶಾಲೆ ಸಿಕ್ಕಿತು, ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಯಲ್ಲಿ ಮುಟ್ಟಿ ನೋಡುವ ಡಾಕ್ಟರು ಸಿಕ್ಕರು, ನನಗೆ ಕರಿ ಕೋಟು ಸಿಕ್ಕಿತು. ಈಗ ಅವರ ಮೊಮ್ಮಕ್ಕಳಾದ ನಾವು "ನಮಗ್ಯಾಕ ಊರ ಉಸಾಬರಿ" ಅನ್ನುತ್ತೇವೆ.

ಯಾಕೆ ಅನ್ನುತ್ತೇವೆ ಎಂಬುದಕ್ಕೆ ಒಂದು ಕಾರಣವಿದೆ, ಅದನ್ನು ವೇದಿಕೆಯಿಂದ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳುತ್ತೇನೆ. ಕಾರಣ ಜಾತಿ ಪ್ರಮಾಣಪತ್ರ.

1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಆದೇಶ ಬಂತು. ಅದರ ಮೂರನೇ ಪ್ಯಾರಾದಲ್ಲಿ, ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸುವವರು ಪರಿಶಿಷ್ಟ ಜಾತಿಯವರಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಹೀಗಾಗಿ ಕಲಬುರಗಿಯ ಬುದ್ಧ ವಿಹಾರದಲ್ಲಿ ಕೈಮುಗಿಯುವ ದಲಿತನಿಗೆ ಸರ್ಟಿಫಿಕೇಟ್ ಉಂಟು, ಪಕ್ಕದ ಬೀದಿಯ ಚರ್ಚಿನಲ್ಲಿ ಮೊಣಕಾಲೂರುವ ಅವನ ಅಣ್ಣನಿಗೆ ಇಲ್ಲ. ಬೌದ್ಧ ಬಂಧುಗಳಿಗೆ ಸಿಕ್ಕಿದ್ದು ನ್ಯಾಯವೇ, ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಕಾಲೇಜು ಸೀಟಿಗೆ, ನೌಕರಿಗೆ ಅದರಿಂದ ಅಷ್ಟಿಷ್ಟು ಉಪಯೋಗ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಮಾತ್ರ ಅದರಿಂದ ಬರುವುದಿಲ್ಲ. ಜಾತಿ ಹಿಡಿದು ಬೈದವನು "ನೀ ಯಾವ ಚರ್ಚಿಗೆ ಹೋಗ್ತಿ" ಎಂದು ಕೇಳಿ ಬೈಯುವುದಿಲ್ಲ. ಠಾಣೆಯಲ್ಲಿ ಮಾತ್ರ ಮೊದಲ ಪ್ರಶ್ನೆ ಅದೇ. 2025ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಒಬ್ಬ ಪಾಸ್ಟರ್ ಕೊಟ್ಟ ದೂರಿನ ವಿಷಯದಲ್ಲಿ ಹೇಳಿದ್ದೂ ಇದನ್ನೇ: ಕ್ರೈಸ್ತ ಧರ್ಮ ಪಾಲಿಸುವವರಿಗೆ ಆ ಕಾಯ್ದೆ ಅನ್ವಯಿಸದು.

ಇದರ ಫಲ ನಮ್ಮೆಲ್ಲರ ಮನೆಯಲ್ಲೂ ಇದೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಸಭೆಯ ರಜಿಸ್ಟರಿನಲ್ಲಿ ಇನ್ನೊಂದು. ನೌಕರಿಯಲ್ಲಿರುವವರು ಚರ್ಚಿನ ಫೋಟೋದಲ್ಲಿ ಹಿಂದಿನ ಸಾಲಿಗೆ ಸರಿಯುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮೇಷ್ಟರು ಮನೆಮನೆಗೆ ಬಂದಾಗ, ಧರ್ಮದ ಕಾಲಂನಲ್ಲಿ ಏನು ಹೇಳಲಿ, ಜಾತಿಯ ಕಾಲಂನಲ್ಲಿ ಏನು ಹೇಳಲಿ ಎಂದು ನನಗೆ ಫೋನ್ ಮಾಡಿದವರಲ್ಲಿ ನಿಮ್ಮ ಕಮಿಟಿ ಸದಸ್ಯರೂ ಇದ್ದರು. ಹೆಸರು ಹೇಳುವುದಿಲ್ಲ, ಹೆದರಬೇಡಿ. ಹೀಗೆ ಎರಡು ಹೆಸರಿನಲ್ಲಿ ಬದುಕುವ ಸಮುದಾಯ ತಹಶೀಲ್ದಾರರ ಮುಂದೆ ನಿಂತು ಗಟ್ಟಿಯಾಗಿ ಮಾತಾಡುವುದು ಕಷ್ಟ. ಮಾತಾಡಿದರೆ ಯಾರೋ ಕಾಗದ ತೆಗೆಸುತ್ತಾರೆ, ಮಗನ ಕೆಲಸಕ್ಕೆ ಕುತ್ತು ಬರುತ್ತದೆ. ಆ ಸರ್ಟಿಫಿಕೇಟಿನ ಬೆಲೆಯಾಗಿ ನಾವು ಬಾಯಿ ಒತ್ತೆ ಇಟ್ಟಿದ್ದೇವೆ. ಮನೆಮಂದಿ ಹಾಗೆ ಮಾಡಿದ್ದನ್ನು ನಾನು ತಪ್ಪು ಅನ್ನಲಾರೆ, ಹೊಟ್ಟೆಪಾಡು. ಸಭೆಯೂ ಅವರ ಹಾಗೇ ಬಾಯಿ ಮುಚ್ಚಿಕೊಂಡಿತಲ್ಲ, ನನ್ನ ಸಿಟ್ಟು ಅದಕ್ಕೆ. ಸಭೆಗೆ ಸರ್ಟಿಫಿಕೇಟ್ ಇಲ್ಲ, ಕಳಕೊಳ್ಳುವ ನೌಕರಿ ಇಲ್ಲ. ಮನೆಯವರು ಆಡಲಾಗದ ಮಾತನ್ನು ಆಡಬೇಕಾದ್ದು ಅದೇ.

ಆಡುತ್ತೇವಲ್ಲ, ಪ್ರತಿ ಆಗಸ್ಟ್ 10ಕ್ಕೆ ಕಪ್ಪು ಪಟ್ಟಿ ಕಟ್ಟುತ್ತೇವಲ್ಲ ಅನ್ನುತ್ತೀರಿ. ಹೌದು, ಕಟ್ಟುತ್ತೇವೆ. ಮಿಶ್ರಾ ಆಯೋಗ 2007ರಲ್ಲೇ ಮೂರನೇ ಪ್ಯಾರಾ ತೆಗೆಯಿರಿ ಎಂದು ವರದಿ ಕೊಟ್ಟಿತು, 2022ರಲ್ಲಿ ಕೇಂದ್ರ ಮತ್ತೆ ಬಾಲಕೃಷ್ಣನ್ ಆಯೋಗ ನೇಮಿಸಿತು, ಸುಪ್ರೀಂ ಕೋರ್ಟಿನಲ್ಲಿ 2004ರಲ್ಲಿ ಹಾಕಿದ ಅರ್ಜಿ ವರ್ಷಗಟ್ಟಲೆ ಎಳೆಯಿತು. ಆದರೆ ಕಪ್ಪು ಪಟ್ಟಿ ನಮ್ಮದಕ್ಕೆ ಮಾತ್ರ. ಚರ್ಚಿನ ಗಾಜು ಒಡೆದಾಗ ಮೆರವಣಿಗೆ ತೆಗೆಯುತ್ತೇವೆ, ಅದೂ ಸರಿ. ಚರ್ಚಿಗೆ ಬಾರದ ಮಾದಿಗನ ತಲೆ ಒಡೆದಾಗ? ಮುತ್ತು ಕಟ್ಟಿ ದೇವದಾಸಿ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ ಮೇಲೂ ಅದರ ಹೆಸರು ಹೊತ್ತು ಬದುಕುತ್ತಿರುವ ಯಾದಗಿರಿ ಕಡೆಯ ಅಕ್ಕಂದಿರ ಪಿಂಚಣಿಗೆ? ಯಾದಗಿರಿಯಿಂದ ಬೆಂಗಳೂರಿಗೆ, ಮುಂಬೈಗೆ ಗುಳೆ ಹೋಗಿ ಕಟ್ಟಡದಿಂದ ಬಿದ್ದ ಕೂಲಿಯ ಪರಿಹಾರಕ್ಕೆ? ತನ್ನ ನೋವಿಗೆ ಮಾತ್ರ ಕೂಗುವುದು ಜಾತಿ ಸಂಘದ ಕೆಲಸ. ಜಾತಿ ಸಂಘಗಳು ಅದನ್ನು ನಮಗಿಂತ ಚೆನ್ನಾಗಿ ಮಾಡುತ್ತವೆ.

ಜಾತಿ ಅಂದ ಮೇಲೆ ಇನ್ನೊಂದು ಮಾತು. ಕ್ರೈಸ್ತರಲ್ಲಿ ಜಾತಿ ಇಲ್ಲ ಎಂದು ಸರ್ಕಾರ ಹೇಳಿದಾಗ ನಾವು ಸಿಟ್ಟಾಗುತ್ತೇವೆ, ಪ್ರಸಂಗದಲ್ಲಿ ನಾವೇ ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಮದುವೆ ಮಾತುಕತೆಗೆ ಕೂತಾಗ "ಅವರು ಯಾವ ಕಡೆಯವ್ರು?" ಎಂದು ಮೆಲ್ಲಗೆ ಕೇಳುವುದೂ ನಾವೇ. ನಮ್ಮ ಜಿಲ್ಲೆಯ ಬಸವಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾಯಿತು, ಅರಸ ಬಿಜ್ಜಳ ಇಬ್ಬರು ಬೀಗರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ ಕೊಟ್ಟು ಕೊಲ್ಲಿಸಿದ. ಅವರು ಕ್ರೈಸ್ತರಲ್ಲ. ನಮ್ಮಲ್ಲಿ ಎಷ್ಟು ಕಮಿಟಿ ಹಿರಿಯರು ಮಗಳ ಮದುವೆಗೆ ಅಷ್ಟರಲ್ಲಿ ಹತ್ತರ ಒಂದು ಪಾಲು ಧೈರ್ಯ ತೋರಿಸಿದ್ದಾರೆ? ಈ ಪ್ರಶ್ನೆ ಇಲ್ಲೇ ಬಿಡುತ್ತೇನೆ, ಇದು ಬೇರೆಯದೇ ಪತ್ರವಾಗುತ್ತದೆ.

ಮಾತಾಡಿದವರು ನಮ್ಮಲ್ಲಿ ಇಲ್ಲವೆಂದಲ್ಲ. ಪಂಡಿತಾ ರಮಾಬಾಯಿ ನಮ್ಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆಮೇಲೆ ಏನಾಗಬೇಕಿತ್ತು? ಆಳುವವರ ಧರ್ಮಕ್ಕೆ ಬಂದಾಯಿತು, ಆಳುವವರ ಪರವಾಗಿ ಇದ್ದುಬಿಡಬಹುದಿತ್ತು. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿ, ಸರ್ಕಾರದ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ ಎಂದು ಕಂಡಾಗ ಅವರು ಮುಂಬೈಯ ಒಂದು ಕ್ರೈಸ್ತ ಪತ್ರಿಕೆಗೇ ಬಹಿರಂಗವಾಗಿ ಪತ್ರ ಬರೆದರು. ಮಾತು ಲಂಡನ್ನಿನ ಪಾರ್ಲಿಮೆಂಟಿನವರೆಗೆ ಹೋಯಿತು. ಗವರ್ನರ್ ಅದನ್ನು ಸುಳ್ಳೆಂದು ತಳ್ಳಿಹಾಕಿದ, ಅವರು ಹಿಂದೆಗೆಯಲಿಲ್ಲ. ಕ್ರೈಸ್ತ ಸರ್ಕಾರವನ್ನು ಕ್ರೈಸ್ತ ಹೆಂಗಸು ಕ್ರೈಸ್ತ ಪತ್ರಿಕೆಯಲ್ಲಿ ಪ್ರಶ್ನಿಸಿದ್ದು ಅದು. ನಮ್ಮ ಮಹಿಳಾ ಸಂಘಗಳ ಗೋಡೆಯ ಮೇಲೆ ರಮಾಬಾಯಿಯವರ ಫೋಟೋ ಇದ್ದರೆ ಆ ಪತ್ರದ ಕಥೆಯನ್ನೂ ಹುಡುಗಿಯರಿಗೆ ಹೇಳಿ.

ಫಾದರ್ ಸ್ಟ್ಯಾನ್ ಸ್ವಾಮಿಯವರ ಹೆಸರೆತ್ತಿದರೆ ಕೆಲವರ ಮುಖ ಸಪ್ಪಗಾಗುತ್ತದೆ. 1975ರಿಂದ ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದು ಯುವಕರಿಗೆ ಸಮಾಜ ಓದುವುದನ್ನು ಕಲಿಸಿದವರು. ಆಮೇಲೆ ಜಾರ್ಖಂಡಿನಲ್ಲಿ, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ಹುಡುಗರ ಪರ ನಿಂತರು. 2020ರ ಅಕ್ಟೋಬರಿನಲ್ಲಿ, 83ರ ವಯಸ್ಸಿನಲ್ಲಿ, ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಹಾಕಿ ಬಂಧಿಸಿದರು. ಪಾರ್ಕಿನ್ಸನ್ಸ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ನೀರು ಕುಡಿಯಲು ಒಂದು ಸ್ಟ್ರಾ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನು ಸಿಗದೆ, ವಿಚಾರಣೆ ಶುರುವಾಗದೆ ತೀರಿಕೊಂಡರು. ಅವರು ಕಥೋಲಿಕರು ಎಂದು ನಮ್ಮ ಕಡೆ ಕೆಲವರು ದೂರ ನಿಂತರು. ಸಾವಿನಲ್ಲೂ ಪಂಗಡ ನೋಡುವವರ ಹತ್ತಿರ ಏನು ವಾದ ಮಾಡುವುದು.

ಭಯ ಸುಳ್ಳಲ್ಲ ಎಂದು ನನಗೆ ಗೊತ್ತು. 2022ರ ಮತಾಂತರ ನಿಷೇಧ ಕಾಯ್ದೆ ಬಂದಾಗ, ಪರಿಶಿಷ್ಟರನ್ನೂ ಹೆಂಗಸರನ್ನೂ ಕಾನೂನುಬಾಹಿರವಾಗಿ ಮತಾಂತರಿಸಿದರೆ ಹತ್ತು ವರ್ಷದವರೆಗೆ ಶಿಕ್ಷೆ ಎಂದು ಅದರಲ್ಲಿತ್ತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ನಿರ್ಧರಿಸಿತು, ಆದರೆ ಒಮ್ಮೆ ಹುಟ್ಟಿದ ಅಂಜಿಕೆ ಸಂಪುಟದ ನಿರ್ಧಾರದಿಂದ ಹೋಗುವುದಿಲ್ಲ. ಬಾಡಿಗೆ ಕೋಣೆಯಲ್ಲಿ ಕೂಟ ನಡೆಸುವ ಹಳ್ಳಿಯ ಪಾಸ್ಟರ್‌ಗೆ ಧೈರ್ಯದ ಪಾಠ ಹೇಳುವ ಮನಸ್ಸು ನನಗಿಲ್ಲ. ಅವರು ಅಲ್ಲಿ ಇರುವುದೇ ದೊಡ್ಡದು. ಈ ಪತ್ರ ದೊಡ್ಡ ಕಾಂಪೌಂಡು ಇರುವವರಿಗೆ. ಎಲೆಕ್ಷನ್ ಬಂದಾಗ ಎಲ್ಲ ಪಕ್ಷದವರೂ ಬಂದು ಶಾಲು ಹೊದಿಸಿ ಹೋಗುವಷ್ಟು ತೂಕ ಇರುವವರಿಗೆ. ಶಾಲು ಹೊದಿಸಿಕೊಳ್ಳುವುದು ರಾಜಕೀಯವಲ್ಲ, ಮನವಿ ಕೊಡುವುದು ರಾಜಕೀಯ, ಈ ಲೆಕ್ಕ ನನಗೆ ಇನ್ನೂ ಹತ್ತಿಲ್ಲ.

ಮೊದಲು ನಮ್ಮ ಅಂಗಳದಿಂದಲೇ ಶುರು ಮಾಡಬೇಕು. ನಿಮ್ಮ ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎನ್ನುತ್ತದೆ ಯಾಕೋಬನ ಪತ್ರಿಕೆ. ನಮ್ಮ ಸಂಸ್ಥೆಗಳಲ್ಲಿ ಕಸ ಗುಡಿಸುವ ಆಯಾಗೆ, ಹಾಸ್ಟೆಲ್ ಅಡುಗೆಯವಳಿಗೆ, ಶಾಲೆಯ ಟೀಚರ್‌ಗೆ ಕನಿಷ್ಠ ವೇತನ ಸಿಗುತ್ತಿದೆಯೇ? ಪಿಎಫ್, ಇಎಸ್‌ಐ ಕಟ್ಟುತ್ತಿದ್ದೇವೆಯೇ? ಸಹಿ ಮಾಡುವ ಮೊತ್ತ ಮತ್ತು ಕೈಗೆ ಬರುವ ಮೊತ್ತ ಒಂದೇ ಇದೆಯೇ? ಎಲ್ಲ ಕಡೆಯೂ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ತೆಗೆದು ಸಭೆಯ ಮುಂದಿಡಿ. "ದೇವರ ಸೇವಾ ಅಂತ ತಿಳ್ಕೊಂಡು ಮಾಡವ್ವಾ" ಎಂದು ಆಯಾಗೆ ಹೇಳುವ ಮೊದಲು, ಅದೇ ಮಾತನ್ನು ಸಂಸ್ಥೆಯ ಕಾರು ಬಳಸುವವರಿಗೂ ಒಮ್ಮೆ ಹೇಳಿ.

ಆಮೇಲೆ ಹೊರಗೆ. ನಾನು ಕೇಳುತ್ತಿರುವುದು ಕ್ರಾಂತಿಯನ್ನಲ್ಲ, ಕಾನೂನಿನಲ್ಲಿ ಈಗಾಗಲೇ ಇರುವ ಬಾಗಿಲು ತಟ್ಟುವುದನ್ನು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ದೌರ್ಜನ್ಯ ತಡೆ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇದೆ, ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಸೇರಿತೇ, ಎಷ್ಟು ಪ್ರಕರಣ ಬಂದವು, ಪರಿಹಾರ ಹೋಯಿತೇ ಎಂದು ಸಭೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಯಲು ಯಾವ ಪರವಾನಗಿಯೂ ಬೇಡ. ಮಲಗುಂಡಿಗೆ, ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ರಕ್ಷಣಾ ಸಾಮಗ್ರಿ ಇಲ್ಲದೆ ಇಳಿಸುವುದು 2013ರ ಕಾಯ್ದೆಯಡಿ ಅಪರಾಧ. ಇಳಿದು ಸತ್ತರೆ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ನಮ್ಮ ಎಷ್ಟು ಸಭೆಗಳಲ್ಲಿ ಈ ಮಾತನ್ನು ಪ್ರಕಟಣೆಯ ವೇಳೆ ಓದಿದ್ದಾರೆ? ಬಡಾವಣೆಯ ಯಾರೋ ಐದುನೂರು ರೂಪಾಯಿ ತೋರಿಸಿ ಗುಂಡಿಗೆ ಇಳಿ ಅಂದಾಗ ಇಳಿಯುವ ಹುಡುಗ ಭಾನುವಾರ ನಿಮ್ಮ ಕೊನೆಯ ಬೆಂಚಿನಲ್ಲಿ ಕೂತಿರುತ್ತಾನೆ. ಧಾರೂರಿನ ಕ್ರೈಸ್ತ ಜಾತ್ರೆಗೆ ಬಸ್ಸು ಎಷ್ಟು ಗಂಟೆಗೆ ಬಿಡುತ್ತದೆ ಎಂದು ಮೂರು ಸಲ ಹೇಳುತ್ತೀರಿ, ಇದನ್ನು ಒಂದು ಸಲ ಹೇಳಿ.

ಚರ್ಚಿನ ಹಾಲ್ ವಾರದಲ್ಲಿ ಬಹುಪಾಲು ಬೀಗ ಹಾಕಿಯೇ ಇರುತ್ತದೆ. ತಿಂಗಳಿಗೊಂದು ಶನಿವಾರ ತೆರೆಯಿರಿ. ಕಾನೂನು ಸೇವಾ ಪ್ರಾಧಿಕಾರದವರು ಪರಿಶಿಷ್ಟರಿಗೆ, ಹೆಂಗಸರಿಗೆ, ಬಡವರಿಗೆ ಉಚಿತ ವಕೀಲರನ್ನು ಕೊಡುತ್ತಾರೆ, ಅವರನ್ನು ಕರೆಸೋಣ. ಬರುವವರನ್ನು ಯಾವ ಸಭೆ ಎಂದು ಕೇಳುವುದು ಬೇಡ. ಮರಗಮ್ಮನಿಗೆ ನಡೆದುಕೊಳ್ಳುವವರು ಬರಲಿ, ದರ್ಗಾಕ್ಕೆ ಹೋಗುವವರು ಬರಲಿ. ಅಲ್ಲಿ ಕರಪತ್ರ ಹಂಚುವುದು, ಕೊನೆಗೆ ಒಂದು ಸುವಾರ್ತೆ ಹೇಳಿ ಕಳಿಸುವುದು ಯಾವುದೂ ಬೇಡ. ಇದು ನನ್ನ ಗಟ್ಟಿ ಷರತ್ತು. ಸಹಾಯಕ್ಕೆ ಬಂದವನಿಗೆ ಗಾಳ ಹಾಕಿದರು ಎಂಬ ಮಾತು ಬಂದರೆ ಕೆಲಸವೂ ಕೆಡುತ್ತದೆ, ವಿಶ್ವಾಸವೂ ಕೆಡುತ್ತದೆ.

ಮುಂದಿನ ಆಗಸ್ಟ್ 10ರ ಮನವಿಪತ್ರದ ಕರಡು ನಾನು ಬರೆದುಕೊಡುತ್ತೇನೆ. ಮೂರನೇ ಪ್ಯಾರಾದ ಜೊತೆ ಪೌರಕಾರ್ಮಿಕರ ಬಾಕಿ ಸಂಬಳವೂ ಅದರಲ್ಲಿರುತ್ತದೆ, ಜಾಗೃತಿ ಸಮಿತಿಯ ವಿಷಯವೂ ಇರುತ್ತದೆ. ನಮ್ಮ ಬೇಡಿಕೆಯನ್ನಷ್ಟೇ ಇಟ್ಟು ಉಳಿದದ್ದನ್ನು ತೆಗೆಯಿರಿ ಎಂದರೆ ನಾನು ಬರೆಯುವುದಿಲ್ಲ, ಬೇರೆ ವಕೀಲರನ್ನು ನೋಡಿಕೊಳ್ಳಿ. ಸಹಿ ಮಾಡಲು ನೌಕರಿಯವರನ್ನು ಒತ್ತಾಯಿಸಬೇಡಿ. ಬಿಷಪರು, ಸಭಾಪಾಲಕರು, ನಿವೃತ್ತರಾದ ಹಿರಿಯರು ಸಹಿ ಮಾಡಿದರೆ ಸಾಕು. ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತುವಾಗ ಧರಣಿಯಲ್ಲಿ ಕೂತಿದ್ದ ಪೌರಕಾರ್ಮಿಕ ಅಕ್ಕಂದಿರಲ್ಲಿ ಇಬ್ಬರಾದರೂ ಮುಂದಿರಲಿ, ಬಿಳಿ ನಿಲುವಂಗಿಯವರು ಅವರ ಹಿಂದೆ ಬರಲಿ. ದಿನ ಗೊತ್ತುಮಾಡಿ ತಿಳಿಸಿ, ಫೀಸು ಬೇಡ.

ಇಂತಿ,
ಸಭೆಯ ಒಬ್ಬ ಸದಸ್ಯೆ, ವಕೀಲೆ
ಬೀದರ್ ಜಿಲ್ಲೆ